ಹನ್ನೆರಡು ಮತಗಳ ಕ್ಷೇತ್ರ

ಪಿಯುಸಿಯಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೋನ ಗೇಣಿ ಸಿದ್ಧಾಂತವನ್ನು ಬಾಯಿಪಾಠ ಮಾಡಿದ್ದೆ. ಆ ಮಹಾಶಯ ಸಂಸತ್ತಿಗೆ ಹೋದ ದಾರಿ ಗೊತ್ತಾದದ್ದು ನಿನ್ನೆ ರಾತ್ರಿ, ನಿದ್ದೆ ಬಾರದೆ ಏನನ್ನೋ ಓದುತ್ತಿದ್ದಾಗ.

ಐರ್ಲೆಂಡಿನಲ್ಲಿ ಬ್ಯಾರೋ ನದಿಯ ದಡದಲ್ಲಿ ಪೋರ್ಟಾರ್ಲಿಂಗ್ಟನ್ ಎಂಬ ಪುಟ್ಟ ಪಟ್ಟಣವಿದೆ. 1801ರಲ್ಲಿ ಐರ್ಲೆಂಡ್ ಬ್ರಿಟನ್ನಿನೊಂದಿಗೆ ಒಂದುಗೂಡಿದ ನಂತರ ಲಂಡನ್ನಿನ ಸಂಸತ್ತಿನಲ್ಲಿ ಅದಕ್ಕೂ ಒಂದು ಸ್ಥಾನ ಉಳಿಯಿತು. ಮತದಾರರು ಹೆಚ್ಚುಕಡಿಮೆ ಹನ್ನೆರಡು ಮಂದಿ! ನಮ್ಮ ಕಾಲೇಜಿನ ಮೂರು ಬೆಂಚು ಸಾಕು, ಇಡೀ ಕ್ಷೇತ್ರ ಕುಳಿತುಬಿಡುತ್ತದೆ. ಪ್ರಚಾರವೂ ಬೇಡ, ಮೆರವಣಿಗೆಯೂ ಬೇಡ. ಊರಿನ ಒಡೆಯ ಪೋರ್ಟಾರ್ಲಿಂಗ್ಟನ್ ಪ್ರಭು ಯಾರತ್ತ ಕೈ ತೋರಿಸುತ್ತಾನೋ ಅವನೇ ಸಂಸದ. ಪ್ರಭುವಿಗೆ ಹಣದ ಮುಗ್ಗಟ್ಟು, ರಿಕಾರ್ಡೋ ಷೇರುಪೇಟೆಯಲ್ಲಿ ಗಳಿಸಿದ ಸಿರಿವಂತ. ಸ್ಥಾನಕ್ಕೆ 4,000 ಪೌಂಡ್, ಜೊತೆಗೆ ಭಾರಿ ಸಾಲ, ವ್ಯವಹಾರ ಕುದುರಿತು. 1819ರಿಂದ 1823ರಲ್ಲಿ ಸಾಯುವವರೆಗೆ ಆತನೇ ಅಲ್ಲಿನ ಪ್ರತಿನಿಧಿ. ಒಮ್ಮೆಯೂ ಆ ಊರಿಗೆ ಕಾಲಿಡಲಿಲ್ಲ.

ನನಗೆ ನಗು ಬಂದದ್ದು ಇದಕ್ಕಲ್ಲ. ಹೀಗೆ ಕೊಂಡ ಸ್ಥಾನದಲ್ಲಿ ಕುಳಿತೇ ಆತ ಗುಪ್ತ ಮತದಾನ ಬೇಕು, ಇನ್ನಷ್ಟು ಜನರಿಗೆ ಮತದ ಹಕ್ಕು ಬೇಕು ಎಂದು ವಾದಿಸಿದ! ಬೂಟಾಟಿಕೆ ಎನ್ನಲು ಹೊರಟವನು ತಡೆದೆ. ಯಾರ ಹಂಗೂ ಇಲ್ಲದೆ ಮಾತಾಡಲೆಂದೇ ದುಡ್ಡು ಸುರಿದನೇನೋ.

1832ರ ಚುನಾವಣಾ ಸುಧಾರಣೆಯಲ್ಲಿ ಅಲ್ಲಿನ ಮತದಾರರು ನೂರು ದಾಟಿದರು. ಗುಪ್ತ ಮತದಾನ ಬಂದದ್ದು 1872ರಲ್ಲಿ. 1885ರಲ್ಲಿ ಕ್ಷೇತ್ರವೇ ಅಳಿಸಿಹೋಯಿತು.

ಆ ಹನ್ನೆರಡು ಜನ ತಮ್ಮ ಸಂಸದ ಹೇಗಿದ್ದಾನೆಂದು ಒಬ್ಬರನ್ನೊಬ್ಬರು ಕೇಳಿಕೊಂಡಿದ್ದರೇ ಎಂದು ಬೆಳಗಿನ ಕಾಫಿಯವರೆಗೂ ಯೋಚಿಸುತ್ತಿದ್ದೆ.