ರಾಡ್ ಕೆಟ್ಟಿರಲಿಲ್ಲ

ಡಿಸೆಂಬರ್ ಬಂತೆಂದರೆ ಬೀದರಿನಲ್ಲಿ ಬೆಳಗಿನ ಥಂಡಿಗೆ ನಲ್ಲಿ ನೀರು ಮುಟ್ಟಲು ಆಗುವುದಿಲ್ಲ. ಚೌಬಾರಾ ಹತ್ತಿರ ಇರುವ ಅಕ್ಕ ಫೋನ್ ಮಾಡಿ, ಅರ್ಧ ಗಂಟೆ ದಾಟಿದರೂ ಒಂದು ಬಕೆಟ್ ನೀರು ಕಾಯ್ತಿಲ್ಲ, ರಾಡ್ ಕೆಟ್ಟಿದೆ, ಹೊಸದು ತಗೊಂಡು ಬಾ ಅಂದಳು. ನಾನು ರಾಡ್ ತರಲಿಲ್ಲ, ಕರೆಂಟ್ ಅಳೆಯುವ ಮೀಟರ್ ತಗೊಂಡು ಹೋದೆ.

ರಾಡ್ ಮೇಲೆ 230 ವೋಲ್ಟ್, 1500 ವ್ಯಾಟ್ ಎಂದಿತ್ತು. ಅಷ್ಟು ಸಾಕು. 1500 ಅನ್ನು 230ರಿಂದ ಭಾಗಿಸಿದರೆ 6.5 ಆಂಪ್ ಕರೆಂಟ್, 230 ಅನ್ನು ಆ 6.5ರಿಂದ ಭಾಗಿಸಿದರೆ ಸುಮಾರು 35 ಓಮ್ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ರಾಡ್ ಒಡ್ಡುವ ತಡೆ. ಪ್ಲಗ್ ಕಿತ್ತು ಅದರ ಎರಡು ಪಿನ್‌ಗಳಿಗೆ ಮಲ್ಟಿಮೀಟರ್ ಹಿಡಿದೆ, 35 ತೋರಿಸಿತು. ಅಂದರೆ ರಾಡ್ ಸರಿಯಾಗಿಯೇ ಇದೆ. (ಹಳೇ 100 ವ್ಯಾಟ್ ಬಲ್ಬಿಗೆ ಹೀಗೆ ಮಾಡಬೇಡಿ. ಲೆಕ್ಕಕ್ಕೆ 529 ಓಮ್ ಬರುತ್ತದೆ, ತಣ್ಣಗಿದ್ದಾಗ ಮೀಟರ್ ಬರೀ 40ರ ಆಸುಪಾಸು ತೋರಿಸುತ್ತದೆ, ಟಂಗ್‌ಸ್ಟನ್ ಕಾದಾಗ ರೆಸಿಸ್ಟೆನ್ಸ್ ಅಷ್ಟು ಏರುತ್ತದೆ. ರಾಡಿನ ಕಾಯಿಲ್ ಹಾಗಲ್ಲ.)

ರಾಡ್ ನೀರಿಗಿಟ್ಟು ಸ್ವಿಚ್ ಹಾಕಿ ಅಳೆದಾಗ ಪ್ಲಗ್ಗಿನಲ್ಲಿ 186 ವೋಲ್ಟ್, ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ 5.3 ಆಂಪ್. ಕ್ಲ್ಯಾಂಪ್ ಒಳಗೆ ಒಂದೇ ವೈರ್ ಇರಬೇಕು, ಎರಡನ್ನೂ ಸೇರಿಸಿ ಹಿಡಿದರೆ ಸೊನ್ನೆ ಬರುತ್ತದೆ. 186 ಸಲ 5.3, ಅಂದರೆ ಸುಮಾರು 985 ವ್ಯಾಟ್. ವೋಲ್ಟೇಜ್ ಐದರಲ್ಲಿ ಒಂದು ಪಾಲು ಇಳಿದಿದೆ, ಪವರ್ ಮೂರರಲ್ಲಿ ಒಂದು ಪಾಲು ಹೋಗಿದೆ! ವೋಲ್ಟೇಜ್ ಜೊತೆ ಕರೆಂಟೂ ಇಳಿಯುವುದರಿಂದ ಪೆಟ್ಟು ಎರಡು ಸಲ ಬೀಳುತ್ತದೆ. 20 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ತರಲು 1500 ವ್ಯಾಟಿಗೆ 23 ನಿಮಿಷ ಸಾಕು, 985ಕ್ಕೆ 35 ನಿಮಿಷ ಬೇಕು. ಬಿಲ್ ಜಾಸ್ತಿ ಬರುತ್ತದೆ ಅಂತ ಅಕ್ಕನಿಗೆ ಚಿಂತೆ. ಬರುವುದಿಲ್ಲ, ಬಕೆಟ್ಟಿನ ನೀರಿಗೆ ಎರಡರಲ್ಲೂ ಹೋಗುವುದು ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಮೇಲೆ.

ವೋಲ್ಟೇಜ್ ಇಳಿದರೆ ಕರೆಂಟ್ ಜಾಸ್ತಿ ಎಳೆಯುತ್ತದೆ ಅಂತಾರೆ, ಅಲ್ವಾ? ಅದು ಬೋರ್‌ವೆಲ್ ಮೋಟಾರಿನ ಮಾತು, ರಾಡಿನದಲ್ಲ. ಮೋಟಾರಿಗೆ ವೋಲ್ಟ್ ಸಲ ಆಂಪ್ ಅಂದರೆ ವ್ಯಾಟ್ ಅಂತಲೂ ಆಗುವುದಿಲ್ಲ, ಪವರ್ ಫ್ಯಾಕ್ಟರ್ ಅನ್ನುವ ಇನ್ನೊಂದು ಸಂಖ್ಯೆಯಿಂದಲೂ ಗುಣಿಸಬೇಕಾಗುತ್ತದೆ.

ಆದರೆ ನನಗೆ ಅನುಮಾನ ಹುಟ್ಟಿಸಿದ್ದು ಬೇರೆ. ರಾಡ್ ಓಡುತ್ತಿರುವಾಗಲೇ ಮನೆಯ ಕರೆಂಟ್ ಮೀಟರ್ ಇರುವ ಬೋರ್ಡಿನಲ್ಲಿ ಅಳೆದರೆ 200 ವೋಲ್ಟ್ ಇತ್ತು. ಬಚ್ಚಲಿಗೆ ಬರುವಷ್ಟರಲ್ಲಿ 14 ವೋಲ್ಟ್ ಎಲ್ಲಿ ಹೋಯಿತು? 14 ಅನ್ನು 5.3ರಿಂದ ಭಾಗಿಸಿದರೆ 2.6 ಓಮ್. ಅಲ್ಲಿಗೆ 15 ಮೀಟರ್ ದೂರ, ಹೋಗಿ ಬರಲು 30 ಮೀಟರ್, ಒಂದೂವರೆ ಚದರ ಎಂಎಂ ತಾಮ್ರದ ವೈರಿಗೆ 0.4 ಓಮ್ ಕೂಡ ಆಗಬಾರದು. ಉಳಿದದ್ದು ಎಲ್ಲೋ ಒಂದು ಕೆಟ್ಟ ಜಾಯಿಂಟಿನಲ್ಲಿ ಕೂತಿದೆ. 14 ಸಲ 5.3, ಅಂದರೆ 74 ವ್ಯಾಟ್, ಅದರಲ್ಲಿ ಬಹುಪಾಲು ಶಾಖವಾಗುತ್ತಿರುವುದು ಗೋಡೆಯೊಳಗೆ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಬೆಸುಗೆಯ ಸೀಸ ಕರಗಿಸುತ್ತದೆ, ನೆನಪಿರಲಿ.

ಮೇನ್ ಆಫ್ ಮಾಡಿ ಬಚ್ಚಲ ಬೋರ್ಡ್ ಬಿಚ್ಚಿದೆ. ಸಾಕೆಟ್ಟಿನ ಒಂದು ಸ್ಕ್ರೂ ಸಡಿಲ, ವೈರಿನ ತುದಿ ಕಪ್ಪಗೆ ಸುಟ್ಟು ಮುಟ್ಟಿದರೆ ಉದುರುತ್ತಿತ್ತು, ಹಿಂದಿನ ಪ್ಲಾಸ್ಟಿಕ್ ಹಪ್ಪಳದ ಹಾಗೆ ಉಬ್ಬಿತ್ತು. ಮಕ್ಕಳು ದಿನಾ ಕೈ ಇಡುವ ಜಾಗ ಅದು. ತುದಿ ಕತ್ತರಿಸಿ, ಹೊಸ 16 ಆಂಪ್ ಸಾಕೆಟ್ ಹಾಕಿ ಬಿಗಿ ಮಾಡಿದೆ.

ಈಗ ಪ್ಲಗ್ಗಿನಲ್ಲಿ 198 ವೋಲ್ಟ್, 1120 ವ್ಯಾಟ್, ನೀರು ಕಾಯಲು 31 ನಿಮಿಷ. ಮೀಟರಿಗೇ 200 ಬರುತ್ತಿರುವುದು ಲೈನಿನ ಸಮಸ್ಯೆ, ಅದಕ್ಕೆ ಬೆಳಗಿನ ರೀಡಿಂಗ್ ಒಂದು ವಾರ ಬರೆದಿಡು, ಅರ್ಜಿ ಕೊಡೋಣ ಅಂತ ಅಕ್ಕನಿಗೆ ಹೇಳಿದ್ದೇನೆ. ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದಾಳೆ, ಹಾಲಿನ ಲೆಕ್ಕದ ಪಕ್ಕದಲ್ಲೇ.