ಹೋಗದವರ ಬಳಿಗೆ ಬಂದವಳು

ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕಿನ ತಳದಲ್ಲಿ, ಇಳಕಲ್ ಸೀರೆಯ ಮಡಿಕೆಯೊಳಗೆ, ಅರಿಶಿನ ಬಟ್ಟೆಯಲ್ಲಿ ಕಟ್ಟಿದ ಒಂದು ಮುಡಿಪು ಸಿಕ್ಕಿತು. ಮುಡಿಪನ್ನು ಬಿಚ್ಚಬಾರದೆಂದು ತಿಳಿಯದೆ ನಾನು ಬಿಚ್ಚಿ ನೋಡಿದೆ. ಒಳಗೆ ಒಂದು ಅಡಿಕೆ, ಎರಡು ಅರಿಶಿನ ಕೊಂಬು ಮತ್ತು ಹನ್ನೊಂದು ನಾಲ್ಕಾಣೆಗಳಿದ್ದವು. ಗಂಗಾವತಿಯಿಂದ ಬಂದಿದ್ದ ಅಕ್ಕ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ಮತ್ತೆ ಗಂಟು ಹಾಕಿ, ನನಗೆ ಒಂಬತ್ತು ವರ್ಷವಿದ್ದಾಗ ವಿಷಮಶೀತ ಜ್ವರ ಬಂದು ಇಪ್ಪತ್ತು ದಿನ ಹಾಸಿಗೆ ಹಿಡಿದಿದ್ದ ಸಂಗತಿಯನ್ನೂ, ಆಗ ಅವ್ವ ಹುಲಿಗೆಮ್ಮನಿಗೆ ಐದು ಪಡ್ಲಿಗಿ (ದೇವಿಯ ಬುಟ್ಟಿ) ತುಂಬಿಸುತ್ತೇನೆಂದು ಹರಕೆ ಹೊತ್ತಿದ್ದನ್ನೂ ಹೇಳಿದಳು. ಮೊದಲು ದುಡ್ಡಿರಲಿಲ್ಲ, ಆಮೇಲೆ ಅಪ್ಪನ ಕಾಯಿಲೆ, ಆಮೇಲೆ ಅವ್ವನ ಮೊಣಕಾಲು. ಹೀಗೆ ಸಿಂಧನೂರಿನಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಹುಲಿಗಿಗೆ ಅವಳು ಕೊನೆಯವರೆಗೂ ಹೋಗಲಿಲ್ಲ.

ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಹರಕೆಗಳಲ್ಲಿ ನನಗೆ ಅಂಥ ನಂಬಿಕೆಯಿಲ್ಲ. ಆದರೆ ನನ್ನ ಪ್ರಾಣದ ಲೆಕ್ಕದಲ್ಲಿ ಅವ್ವ ಮಾಡಿದ ಸಾಲವೊಂದು ತೀರದೆ ಉಳಿದಿದೆ ಎಂಬುದು ಅಂದಿನಿಂದ ಕಣ್ಣಲ್ಲಿ ಬಿದ್ದ ಹೊಟ್ಟಿನಂತೆ ಚುಚ್ಚತೊಡಗಿತು. 2024ರ ಡಿಸೆಂಬರಿನ ಒಂದು ಮಂಗಳವಾರ ನಸುಕಿನಲ್ಲಿ ನಾನು ಗಂಗಾವತಿಯ ಬಸ್ಸು ಹತ್ತಿದೆ.

ಸಿಂಧನೂರಿನಿಂದ ಗಂಗಾವತಿಯವರೆಗಿನ ದಾರಿ ಕಾಲುವೆಯ ನಾಡು. ತುಂಗಭದ್ರಾ ಎಡದಂಡೆಯ ನೀರು ಬರುವ ಮೊದಲು ಇದೆಲ್ಲ ಜೋಳ, ಸಜ್ಜೆ ಬೆಳೆಯುವ ಮಳೆ ನಂಬಿದ ಹೊಲಗಳಾಗಿದ್ದವೆಂದು ಹಿರಿಯರು ಹೇಳುತ್ತಿದ್ದರು. ಈಗ ಕಣ್ಣು ಹಾಯುವಷ್ಟು ದೂರ ಕೊಯ್ದ ಭತ್ತದ ಕೂಳೆ, ರಸ್ತೆಯ ಅಂಚಿನಲ್ಲಿ ಒಣಹಾಕಿದ ಭತ್ತದ ರಾಶಿ, ಊರೂರಿಗೂ ಅಕ್ಕಿ ಗಿರಣಿ. ಅದೇ ವರ್ಷ ಆಗಸ್ಟ್ 10ರ ರಾತ್ರಿ ಆಣೆಕಟ್ಟಿನ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ, ನಮ್ಮ ಓಣಿಯ ರೈತರು ಒಂದು ವಾರ ಊಟ ಸೇರದೆ ಕುಳಿತಿದ್ದರು. ತಡೆಹಲಗೆ ಇಳಿಸಿ ನೀರು ನಿಲ್ಲಿಸಿದ ಸುದ್ದಿ ಬಂದ ದಿನ ಹೆಂಗಸರು ಹೊಳೆಗೆ ಉಡಿ ತುಂಬುವ ಮಾತಾಡಿದ್ದರು. ಈ ಭಾಗದಲ್ಲಿ ಹೊಳೆಯನ್ನು ಹೆಣ್ಣೆಂದು ಕರೆಯುವುದು ಕವಿಸಮಯವಲ್ಲ. ಅವಳು ಬಂದರೆ ಊಟ, ಬಾರದಿದ್ದರೆ ಗುಳೆ.

ಗಂಗಾವತಿಯಲ್ಲಿ ಅಕ್ಕ ಬುತ್ತಿಗಂಟಿನೊಡನೆ ನಿಂತಿದ್ದಳು. ಹೋಳಿಗೆ, ಕರಿಗಡಬು, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಅನ್ನ, ಐದು ಖಣ, ಐದು ತೆಂಗಿನಕಾಯಿ. ರಾತ್ರಿಯಿಡೀ ಮಲಗಿರಲಿಲ್ಲವೆಂದು ಅವಳ ಕಣ್ಣೇ ಹೇಳುತ್ತಿತ್ತು. ಅವಳ ಮೊಣಕಾಲೂ ಈಗ ಅವ್ವನ ದಾರಿಯನ್ನೇ ಹಿಡಿದಿದೆ. ಬಸ್ಸಿನ ಮೆಟ್ಟಿಲನ್ನು ಅವಳು ಒಂದು ಕಾಲಿನಿಂದಲೇ ಹತ್ತುತ್ತಾಳೆ, ಎರಡನೆಯದನ್ನು ಕೈಯಿಂದ ಎತ್ತಿಕೊಳ್ಳುತ್ತಾಳೆ.

ಹುಲಿಗಿ ಕೊಪ್ಪಳ ಜಿಲ್ಲೆಯ ಮುನಿರಾಬಾದಿಗೆ ಹೊಂದಿಕೊಂಡಂತೆ, ತುಂಗಭದ್ರೆಯ ಎಡದಂಡೆಯ ಮೇಲಿದೆ. 1953ರಲ್ಲಿ ಮುಗಿದ ಆಣೆಕಟ್ಟು ಹತ್ತಿರದಲ್ಲೇ ಇದೆ. ಅದನ್ನು ಕಟ್ಟಲು ತೊಡಗಿದಾಗ ಈ ದಡ ನಿಜಾಮನ ಹೈದರಾಬಾದಿಗೂ ಎದುರಿನ ಹೊಸಪೇಟೆಯ ದಡ ಮದ್ರಾಸಿಗೂ ಸೇರಿತ್ತು. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗಳಂದು ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾವು ಇಳಿದಾಗ ಹೊಳೆಯ ದಂಡೆಯಲ್ಲಿ ಮೂರು ಕಲ್ಲಿನ ಒಲೆಗಳ ಹೊಗೆ, ಒದ್ದೆ ಸೀರೆಯಲ್ಲಿ ದೀಡ ನಮಸ್ಕಾರ ಹಾಕುತ್ತಿದ್ದ ಹೆಂಗಸರು, ಟ್ರ್ಯಾಕ್ಟರಿನ ನೆರಳಿನಲ್ಲಿ ಮಲಗಿದ ಮಕ್ಕಳು, ಎಲ್ಲಿಂದಲೋ ಏಳುವ ‘ಉಧೋ ಉಧೋ’ ಎಂಬ ಕೂಗು, ಅದರ ಬೆನ್ನಿಗೇ ಚೌಡಿಕೆಯ ಒಂಟಿ ತಂತಿಯ ನಾದ. ಗಾಳಿಯಲ್ಲೆಲ್ಲ ಭಂಡಾರದ ಅರಿಶಿನ ಪುಡಿ ಹಾರಾಡುತ್ತಿತ್ತು.

ಈ ಊರಿಗೆ ದೇವಿ ಬಂದ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದರೂ ಕಿವಿಗೊಟ್ಟಿರಲಿಲ್ಲ. ಸಾಲಿನಲ್ಲಿ ನಿಂತಾಗ ಅಕ್ಕ ಅದನ್ನು ಮತ್ತೆ ಹೇಳಿದಳು. ನಾಗಜೋಗಿ, ಬಸವಜೋಗಿ ಎಂಬಿಬ್ಬರು ಪ್ರತಿ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುತ್ತಿದ್ದರಂತೆ. ಇಂದಿನ ರಸ್ತೆಯಲ್ಲೂ ಅದು 150 ಕಿಲೋಮೀಟರಿಗೆ ಕಡಿಮೆಯಿಲ್ಲದ ದಾರಿ. ಒಂದು ಸಲ ಮಳೆ ಹಿಡಿದು, ಹೊಳೆ ತುಂಬಿ, ಮುಂದೆ ಹೋಗಲಾಗದೆ ಹಸಿವಿನಿಂದ ಮರದ ಕೆಳಗೆ ಕುಳಿತವರಿಗೆ ತಾಯಿ ಕಾಣಿಸಿಕೊಂಡು, ‘ಇನ್ನು ನೀವು ಬರುವುದು ಬೇಡ, ನಾನೇ ನಿಮ್ಮೂರಿಗೆ ಬರುತ್ತೇನೆ’ ಎಂದಳಂತೆ. ಹಾಗೆ ಬಂದು ನೆಲೆಸಿದವಳೇ ಹುಲಿಗೆಮ್ಮ. ಹೋಗಲಾಗದವರ ಸಮಾಧಾನಕ್ಕೆಂದು ಕಟ್ಟಿದ ಕಥೆ ಇದೆಂದು ತರಗತಿಯಲ್ಲಾಗಿದ್ದರೆ ನಾನು ಹೇಳುತ್ತಿದ್ದೆ. ಹಾಗೆಂದುಕೊಳ್ಳುವಷ್ಟರಲ್ಲಿಯೇ ಅವ್ವನ ಮೊಣಕಾಲು ನೆನಪಾಗಿ ಬಾಯಿಗೆ ಬಂದ ಮಾತು ಗಂಟಲಲ್ಲೇ ಉಳಿಯಿತು.

ದರ್ಶನದ ಬಗ್ಗೆ ಬರೆಯಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಎರಡೂವರೆ ಗಂಟೆ ಸರದಿಯಲ್ಲಿ ನಿಂತು ಗರ್ಭಗುಡಿಯ ಎದುರಿಗೆ ಬರುವ ಹೊತ್ತಿಗೆ ಜನರ ಉಸಿರಿನ ಬಿಸಿಗೆ ನನ್ನ ಕನ್ನಡಕವೆಲ್ಲ ಮಂಜಾಗಿತ್ತು. ಸೆರಗಿನಿಂದ ಒರೆಸಿಕೊಂಡು ಹಾಕಿಕೊಳ್ಳುವುದರೊಳಗೆ ಹಿಂದಿನವರು ನನ್ನನ್ನು ಮುಂದಕ್ಕೆ ಸಾಗಿಸಿಬಿಟ್ಟಿದ್ದರು. ಕಂಡದ್ದಿಷ್ಟೇ: ಅರಿಶಿನದ ಒಂದು ದೊಡ್ಡ ಮೊತ್ತ, ಅದರ ನಡುವೆ ಕೆಂಪು, ಮೇಲೊಂದು ಬೆಳ್ಳಿಯ ಮಿಂಚು. ಜೀವಮಾನದ ಹರಕೆಗೆ ಇಷ್ಟೇ ಸಿಕ್ಕಿತೆಂದು ನಾನು ಅಳುಮುಖ ಮಾಡಿಕೊಂಡರೆ, ಅಕ್ಕ ಹುಂಡಿಯ ಮುಂದೆ ನಿಂತು ಮುಡಿಪನ್ನು ಹಣೆಗೊತ್ತಿಕೊಳ್ಳುತ್ತಿದ್ದಳು. ನಾಲ್ಕಾಣೆಯ ಚಲಾವಣೆ 2011ರಲ್ಲಿಯೇ ನಿಂತುಹೋಗಿದೆ, ಹಾಕಿ ಏನು ಉಪಯೋಗ ಎಂದೆ.

‘ಬ್ಯಾಂಕಿನ್ಯಾಗ ನಡೀಲಿಕ್ಕಿಲ್ಲ. ಆಕಿ ಎಣಿಸ್ಯಾಳೇನು?’ ಎಂದು ಅಕ್ಕ ಗಂಟನ್ನು ಹಾಗೆಯೇ ಒಳಗೆ ಬಿಟ್ಟಳು.

ಪಡ್ಲಿಗಿ ತುಂಬಿಸುವುದು ಗುಡಿಯ ಹೊರಗಿನ ಕೆಲಸ. ದೇವಿಗೆ ಮುಡಿಪಾದ ಜೋಗತಿಯರು ಹೊತ್ತು ತಿರುಗುವ ಅವಳ ಬುಟ್ಟಿಯೇ ಪಡ್ಲಿಗಿ. ಹರಕೆ ಹೊತ್ತವರು ಐದು ಮಂದಿ ಜೋಗತಿಯರನ್ನು ಸಾಲಾಗಿ ಕೂರಿಸಿ, ಅವರ ಪಡ್ಲಿಗಿಗಳಿಗೆ ಎಡೆ ಬಡಿಸಿ, ಪೂಜಿಸಿ, ಕಾಲು ಮುಟ್ಟಿ ನಮಸ್ಕರಿಸುತ್ತಾರೆ. ಇಲ್ಲಿ ನನ್ನ ಮನಸ್ಸಿನೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. ಇದೇ ತಾಯಂದಿರ ಹೆಸರಿನಲ್ಲಿ ಬಡವರ ಮನೆಯ ಎಷ್ಟು ಹುಡುಗಿಯರ ಕೊರಳಿಗೆ ದೇವದಾಸಿಯೆಂಬ ಗುರುತಿನ ಮುತ್ತು ಬಿದ್ದು ಬಾಳು ಹಾಳಾಯಿತು, ಅದನ್ನು ತಡೆಯಲು 1982ರಲ್ಲಿ ರಾಜ್ಯ ಕಾಯ್ದೆಯನ್ನೇ ತರಬೇಕಾಯಿತು ಎಂಬುದನ್ನು ಮರೆತು ಈ ದಂಡೆಯಲ್ಲಿ ಕೈಮುಗಿಯುವುದು ನನಗೆ ಸಾಧ್ಯವಿಲ್ಲ. ಶಕ್ತಿ ಎಂದು ಹೆಣ್ಣನ್ನು ಗುಡಿಯಲ್ಲಿ ಕೂರಿಸಿದ ಸಮಾಜವೇ ಅವಳ ಹೆಸರಿನಲ್ಲಿ ಹೆಣ್ಣನ್ನು ಬೀದಿಗೆ ಬಿಟ್ಟಿತು. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಗಂಡಾಗಿ ಹುಟ್ಟಿ ಒಳಗೆ ಹೆಣ್ಣಾದ ಜೀವಗಳನ್ನು ಮನೆ ಹೊರಹಾಕಿದಾಗ, ಕೈಗೆ ಪಡ್ಲಿಗಿ ಕೊಟ್ಟು ಒಂದು ಹೆಸರು, ಒಂದು ಹಾಡು ಕೊಟ್ಟದ್ದೂ ಇದೇ ಪರಂಪರೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರಿಗೆ ಮುತ್ತು ಕಟ್ಟಿದ್ದು ಈ ಹುಲಿಗಿಯಲ್ಲಿಯೇ. ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಒಂದೇ ಬುಟ್ಟಿಯಲ್ಲಿ ಈ ಎರಡೂ ಇವೆ. ಒಂದನ್ನು ತೆಗೆದು ಇನ್ನೊಂದನ್ನು ಮಾತ್ರ ತೋರಿಸುವವರ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ನಮ್ಮ ಐವರು ಜೋಗತಿಯರಲ್ಲಿ ಕೊನೆಗೆ ಕುಳಿತವರು ಮಂಜಮ್ಮನವರಂತೆ ಗಂಡಾಗಿ ಹುಟ್ಟಿ ಹೆಣ್ಣಾದವರೊಬ್ಬರು. ಅರವತ್ತರ ಆಚೆಯ ಪ್ರಾಯ, ಹಣೆಯ ತುಂಬ ಭಂಡಾರ, ಕೊರಳಲ್ಲಿ ಕವಡೆಸರ, ಗಡಸು ದನಿ. ಅಕ್ಕ ಬಡಿಸುತ್ತಿದ್ದಳು, ನಾನು ನೀರು ಹಿಡಿದು ಹಿಂದೆ ಹೋಗುತ್ತಿದ್ದೆ. ಅವರ ಪಡ್ಲಿಗಿಗೆ ಹೋಳಿಗೆ ಇಡುವಾಗ ಅಕ್ಕ ಕಣ್ಣೀರು ತಡೆಯಲಾರದೆ, ಅವ್ವ ತಾನೇ ಬಂದು ತುಂಬಿಸಬೇಕಾಗಿದ್ದ ಹರಕೆ ಇದು, ಒಮ್ಮೆಯೂ ಬರಲಾಗದೆ ಹೋದಳು ಎಂದಳು.

ಜೋಗತಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ನಿಮ್ಮವ್ವ ಬಾಗಲಿಗಿ ಬಂದ ಪಡ್ಲಿಗಿಗೆ ಜ್ವಾಳ ಹಾಕ್ತಿದ್ಲೋ ಇಲ್ಲೋ?’

ಹಾಕುತ್ತಿದ್ದಳು. ಆ ಪ್ರಶ್ನೆಯೊಡನೆ ನನಗೆ ನಮ್ಮ ಮನೆಯ ಮಂಗಳವಾರಗಳೆಲ್ಲ ಕಣ್ಣೆದುರಿಗೆ ಬಂದು ನಿಂತವು. ನೆಲುವಿನ ಕೆಳಗಿನ ಹಿತ್ತಾಳೆಯ ಸೇರು, ಓಣಿಯ ತುದಿಯಲ್ಲಿ ಚೌಡಿಕೆಯ ಸದ್ದು ಕೇಳಿದ ಕೂಡಲೇ ಕೈಯೊರೆಸಿಕೊಂಡು ಏಳುವ ಅವ್ವ, ಮನೆಯಲ್ಲಿ ನಾಳೆಗೆ ಕಾಳಿಲ್ಲದ ವರ್ಷದಲ್ಲೂ ಪಡ್ಲಿಗಿಗೆ ಬೀಳುತ್ತಿದ್ದ ಒಂದು ಬೊಗಸೆ ಜೋಳ. ಆ ಬೊಗಸೆಗಾಗಿ ನಾನು ಅವಳೊಡನೆ ಜಗಳವಾಡಿದ್ದೆ. ಕಾಲೇಜಿನಿಂದ ರಜೆಗೆ ಬಂದ ಹುಡುಗಿಯ ಜೋರಿನಲ್ಲಿ, ದುಡಿಯದವರಿಗೆ ಯಾಕೆ ಹಾಕುತ್ತೀಯೆಂದು ಕೇಳಿದ್ದೆ. ಅವಳು ಉತ್ತರ ಕೊಡದೆ ಸೇರನ್ನು ಬೋರಲು ಹಾಕಿ ಒಳಗೆ ಹೋಗಿದ್ದಳು.

‘ಹಾಕ್ತಿದ್ಲು’ ಎಂದೆ.

‘ಮತ್ತ? ಆಕಿ ಬರಲಿಲ್ಲಂತ ಯಾಕ ಅಳ್ತೀರಿ? ತಾಯಿನ ವಾರಕ್ಕೊಮ್ಮೆ ನಿಮ್ಮ ಮನಿಗಿ ಬಂದು ಹೋಗ್ಯಾಳ. ಐದಲ್ಲ, ಐನೂರು ಪಡ್ಲಿಗಿ ತುಂಬ್ಯಾವ. ಈಗ ನೀವು ತುಂಬಿಸಿದ್ದು ನಿಮ್ಮದು.’

ಹೀಗೆ ಹೇಳಿ ಪಡ್ಲಿಗಿಯಿಂದ ಒಂದು ಹಿಡಿ ಜೋಳ ತೆಗೆದು ನನ್ನ ಸೆರಗಿಗೆ ಹಾಕಿದರು. ನಾನು ಸೆರಗು ಒಡ್ಡಿರಲಿಲ್ಲ. ಒಡ್ಡುವುದಕ್ಕೆ ಮೊದಲೇ ಬಿದ್ದ ಕಾಳುಗಳಲ್ಲಿ ಕೆಲವು ಮರಳಿನ ಪಾಲಾದವು. ಗರ್ಭಗುಡಿಯ ಎದುರಿಗೆ ಏನನ್ನೂ ಕಾಣದ ನಾನು ಈ ಹೊಗೆಯಲ್ಲಿ, ಎಂಜಲೆಲೆಗಳ ನಡುವೆ, ಬಾಗಿ ಜೋಳ ಆರಿಸುತ್ತ ಬಹಳ ಹೊತ್ತು ಕುಳಿತೆ. ಕನ್ನಡಕ ಮತ್ತೆ ಮಂಜಾಗಿತ್ತು. ಈ ಸಲ ಒರೆಸಿಕೊಳ್ಳುವ ಅವಸರವಿರಲಿಲ್ಲ.

ಮರಳುವಾಗ ಆನೆಗೊಂದಿಯ ಕಡೆಯಿಂದ ಹೋಗೋಣವೆಂದು ಹಟ ಹಿಡಿದವಳು ನಾನು. ಟಂಟಂನವನು ಸಾಣಾಪುರದ ಕೆರೆ ದಾಟಿಸಿ, ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತುತ್ತಿದ್ದ ಜನಸಾಗರವನ್ನು ದೂರದಿಂದಲೇ ತೋರಿಸಿ, ನಮ್ಮನ್ನು ಪಂಪಾಸರೋವರದ ಬಳಿ ಇಳಿಸಿದ. ಮಾನಸ, ಬಿಂದು, ನಾರಾಯಣ, ಪುಷ್ಕರಗಳೊಡನೆ ಸೇರಿಸಿ ಹೇಳುವ ಐದು ಸರೋವರಗಳಲ್ಲಿ ಇದೂ ಒಂದು. ಹೆಸರು ಕೇಳಿ ದೊಡ್ಡ ಸರೋವರವನ್ನು ನಿರೀಕ್ಷಿಸಿದವರಿಗೆ ಬಂಡೆಗುಡ್ಡಗಳ ನಡುವಿನ ಈ ತಾವರೆಯ ಕೊಳ ಚಿಕ್ಕದೆನಿಸಬಹುದು. ದಂಡೆಯಲ್ಲಿ ಲಕ್ಷ್ಮಿಯ ಗುಡಿ, ಶಿವನ ಗುಡಿ, ಮರಗಳ ತುಂಬ ಮಂಗಗಳು. ಮೇಲೆ ಬಂಡೆಯ ಸಂದಿಯಲ್ಲಿ ಶಬರಿಯ ಗುಹೆ ಎಂದು ತೋರಿಸುವ ಜಾಗ.

ಪಂಪೆ ಎಂಬುದು ತುಂಗಭದ್ರೆಯ ಹಳೆಯ ಹೆಸರು. ಅದೇ ಪಂಪೆ ಹಳಗನ್ನಡದ ಪಕಾರ ಹಕಾರವಾಗಿ ಹಂಪೆಯಾಯಿತು. ಸ್ಥಳಪುರಾಣದ ಪಂಪೆ ಬ್ರಹ್ಮನ ಮಾನಸಪುತ್ರಿ. ಹೊಳೆಯಾಚೆ ಹೇಮಕೂಟದಲ್ಲಿ ಕುಳಿತು ತಪಸ್ಸು ಮಾಡಿದವಳು. ಕೊನೆಗೆ ಶಿವನೇ ಅವಳಲ್ಲಿಗೆ ಬಂದು ಕೈಹಿಡಿದ. ವಿರೂಪಾಕ್ಷ ಅಂದಿನಿಂದ ಪಂಪಾಪತಿ, ಅಂದರೆ ಹೆಂಡತಿಯ ಹೆಸರಿನಿಂದ ಗುರುತಾಗುವ ಗಂಡ. ಅವರ ನಿಶ್ಚಿತಾರ್ಥವಾದ ಫಲಪೂಜೆ ನಡೆಯುವುದೂ ಈ ಡಿಸೆಂಬರಿನ ಆಸುಪಾಸಿನಲ್ಲಿಯೇ. ಇತ್ತ ದಡದ ಶಬರಿಯೂ ಎಲ್ಲಿಗೂ ಹೋದವಳಲ್ಲ. ಮತಂಗರ ಆಶ್ರಮದಲ್ಲಿ ಮುದುಕಿಯಾಗುವವರೆಗೆ ಕಾದಳು, ರಾಮನೇ ಬಂದ. ಹುಲಿಗಿಯ ಜೋಗಿಗಳನ್ನೂ ಸೇರಿಸಿದರೆ ಇಷ್ಟು ಹತ್ತಿರ ಹತ್ತಿರದ ಮೂರು ಜಾಗಗಳಲ್ಲಿ ಒಂದೇ ಬಗೆಯ ಕಥೆ. ಇದರಲ್ಲಿ ಪಾಠ ಹುಡುಕುವುದು ಮೇಷ್ಟ್ರ ಚಟವಿರಬಹುದು. ಕಾಯುವ ಕೆಲಸ ಯಾವಾಗಲೂ ಹೆಂಗಸರ ಪಾಲಿಗೇ ಯಾಕೆ ಬರುತ್ತದೆ ಎಂದು ನನ್ನ ಹಳೆಯ ವಿದ್ಯಾರ್ಥಿನಿಯರು ಕೇಳಿದರೆ ನನ್ನಲ್ಲಿ ಉತ್ತರವೂ ಇಲ್ಲ. ಆದರೆ ಅವ್ವ ಕಾಯುತ್ತ ಕುಳಿತಿರಲಿಲ್ಲ ಎಂಬುದು ನನಗೆ ಆ ಹೊತ್ತಿಗೆ ತಿಳಿದಿತ್ತು. ಅವಳ ಬಾಗಿಲಿಗೆ ವಾರವಾರವೂ ಬರುತ್ತಿದ್ದದ್ದನ್ನು ಕಾಣಲಾರದೆ, ಅದು ಇನ್ನೂ ಬರಬೇಕಾಗಿದೆಯೆಂದು ಲೆಕ್ಕ ಬರೆದುಕೊಂಡವಳು ನಾನು.

ಗುಹೆಯವರೆಗೆ ಹತ್ತಲು ಅಕ್ಕನ ಕಾಲು ಒಪ್ಪಲಿಲ್ಲ. ಅವಳನ್ನು ಮರದ ಕೆಳಗೆ ಕೂರಿಸಿ ನಾನೊಬ್ಬಳೇ ಹತ್ತಿದೆ. ಬಂಡೆಗಳು ಬಿಸಿಲಿಗೆ ಕಾದಿದ್ದವು. ಒಳಗೆ ತಂಪು, ಎಣ್ಣೆಯ ಕಮಟು, ಬೆಳಗಿನ ಹೂವು. ಒಂದು ನಮಸ್ಕಾರ ಹಾಕಿ ಏದುಸಿರು ಬಿಡುತ್ತ ಇಳಿದು ಬಂದರೆ, ಅಕ್ಕ ಕಾಲು ನೀಡಿಕೊಂಡು ಕೊಳದ ಕಡೆ ಮುಖ ಮಾಡಿ, ಬುತ್ತಿಯಲ್ಲಿ ಉಳಿದ ಕೊನೆಯ ಕಡುಬನ್ನು ಎರಡು ಭಾಗ ಮಾಡುತ್ತಿದ್ದಳು. ಮೂರನೆಯ ಪಾಲಿಗಾಗಿ ಒಂದು ಮಂಗ ಅವಳೆದುರಿಗೆ ಶಿಸ್ತಾಗಿ ಕುಳಿತಿತ್ತು.

‘ಮ್ಯಾಲ ಏನಿತ್ತು?’ ಎಂದಳು.

‘ಏನಿಲ್ಲ. ಸಣ್ಣ ಗವಿ.’

‘ಇಲ್ಲಿ ಗಾಳಿ ಚೊಲೊ ಐತಿ. ಕುಂದ್ರು.’

ಸೆರಗಿನ ಗಂಟಿನಲ್ಲಿದ್ದ ಜೋಳ ಚೆಲ್ಲದಂತೆ ಹಿಡಿದುಕೊಂಡು ಅವಳ ಪಕ್ಕದಲ್ಲಿ ಕುಳಿತೆ. ಗಂಗಾವತಿಗೆ ಹೋಗುವ ಬಸ್ಸೊಂದು ಹಾರ್ನ್ ಮಾಡುತ್ತ ರಸ್ತೆಯಲ್ಲಿ ಹಾದುಹೋಯಿತು. ಇಬ್ಬರೂ ಏಳಲಿಲ್ಲ.