ಅಟ್ಟದ ರೈಲಿಗೆ ಮಳೆಗಾಲದ ವೇಳಾಪಟ್ಟಿ

ಮೃಗಶಿರಾ ಮಳೆ, 2025

ಅಟ್ಟದ ಮೇಲಿನ ನನ್ನ ಮಾದರಿ ರೈಲಿನ ಹಳಿಗೆ ಹೋದ ವರ್ಷ ಹಾಸಿದ್ದ ಪ್ಲೈವುಡ್ ಬಚ್ಚಲ ಒಲೆ ಸೇರಿತು. ಅಗ್ಗದ್ದೇ ಬೇಕೆಂದು ಹಟ ಹಿಡಿದು ತಂದವಳು ನಾನೇ, ಹಾಗಾಗಿ ಬೈಯಲು ಯಾರೂ ಸಿಗಲಿಲ್ಲ. ಜುಲೈ ಬರುವಷ್ಟರಲ್ಲಿ ಕಾಯಿಸಿದ ಹಪ್ಪಳದ ಹಾಗೆ ಎದ್ದು ಕೂತಿತ್ತು. ಹಳಿಯ ನಡುವೆ ದಿಬ್ಬ ಎದ್ದು, ಎಂಜಿನ್ ಅದರ ನೆತ್ತಿಗೆ ಹೋಗಿ ಗಾಳಿಯಲ್ಲಿ ಚಕ್ರ ತಿರುಗಿಸುತ್ತಿತ್ತು. ಈ ಸಲ ಐಎಸ್ 710 ಮುದ್ರೆ ಇರುವ ಮರೈನ್ ಪ್ಲೈ. ಎರಡೂ ಮೈಗೆ ವಾರ್ನಿಷ್, ಅಂಚಿಗೆ ಮೂರು ಕೈ. ಪ್ಲೈವುಡ್ ನೀರು ಕುಡಿಯುವುದು ಅಂಚಿನ ಬಾಯಿಂದಲೇ.

ಹೊಸದಾಗಿ ಓದುವವರಿಗೆ ನಾಲ್ಕು ಮಾತು. ಹೊನ್ನಾವರದ ನಮ್ಮ ಹಂಚಿನ ಮನೆಯ ಅಟ್ಟದಲ್ಲಿ ಮೊದಲು ಕಾಯಿ ರಾಶಿ, ಮುರುಕು ತೊಟ್ಟಿಲು, ಮಾವನವರ ಛತ್ರಿಗಳು ಇದ್ದವು. ನಾನು ರಿಟೈರ್ ಆದ ಮೇಲೆ ಅವೆಲ್ಲ ಕೆಳಗಿಳಿದು ರೈಲು ಮೇಲೇರಿತು. ಸ್ಕೇಲ್ ಎಚ್‌ಒ, ಅಂದರೆ 87ರಲ್ಲಿ ಒಂದು ಪಾಲು. ಕಟ್ಟುತ್ತಿರುವುದು ಹೊನ್ನಾವರ ಸ್ಟೇಷನ್ನಿನಿಂದ ಶರಾವತಿ ದಾಟಿ ಮಂಕಿಯ ಕಡೆಗೆ ಹೋಗುವ ತುಂಡು. ಹಳಿಯ ವಿಷಯದಲ್ಲಿ ಸುಳ್ಳಿದೆ, ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ: ನಮ್ಮ ಬ್ರಾಡ್‌ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿ.ಮೀ., 87ರಿಂದ ಭಾಗಿಸಿದರೆ 19 ಮಿ.ಮೀ.ಗೆ ಸ್ವಲ್ಪ ಮೇಲೆ ಬರಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿ.ಮೀ., ಅದು ಯುರೋಪ್ ಅಮೆರಿಕದ 1435ರ ಲೆಕ್ಕ. ಎದುರಿಂದ ನೋಡಿದರೆ ನಮ್ಮ ಎಂಜಿನ್ ಚಿಕ್ಕ ಚಪ್ಪಲಿ ಹಾಕಿದ ದೊಡ್ಡ ಮನುಷ್ಯನಂತೆ ಕಾಣುತ್ತದೆ. ಕೈಯಿಂದ ಹಳಿ ಹೂಡುವ ಹಟವಾದಿಗಳಿದ್ದಾರೆ, ಅವರಿಗೆ ನಮಸ್ಕಾರ.

ಕಾಲ ಮಾತ್ರ 2010ಕ್ಕೆ ನಿಂತಿದೆ. 2022ರಲ್ಲಿ ಕೊಂಕಣ ರೈಲ್ವೆಯ ಮಾರ್ಗ ಪೂರ್ತಿ ವಿದ್ಯುದೀಕರಣವಾಯಿತು, ಆದರೆ ಅಟ್ಟದಲ್ಲಿ ತಂತಿ ಕಂಬ ನೆಡುತ್ತಾ ಕೂರುವ ಕಣ್ಣು ನನಗಿಲ್ಲ. ಡೀಸೆಲ್ ಎಂಜಿನ್ ಇದೆ, ಸಾಕು.

ಕೊಂಕಣ ರೈಲ್ವೆ ಪ್ರತಿವರ್ಷ ಜೂನ್ 10ಕ್ಕೆ ಶುರು ಮಾಡುತ್ತಿದ್ದ ಮಳೆಗಾಲದ ವೇಳಾಪಟ್ಟಿಯನ್ನು ಈ ವರ್ಷ 15ಕ್ಕೆ ತಂದು, ಅಕ್ಟೋಬರ್ 20ಕ್ಕೆ ಮುಗಿಸುತ್ತದಂತೆ. ನಾನೂ ಅದನ್ನೇ ಹಿಡಿದಿದ್ದೇನೆ. ಮಳೆ ಜೋರಿದ್ದ ದಿನ ಅಟ್ಟದಲ್ಲಿ ಗಾಡಿ ಇಲ್ಲ.

ಆರಿದ್ರಾ

ಹಳಿಗೆ ಜಲ್ಲಿ ಹಾಸುವ ಕೆಲಸ. ಈ ವರ್ಷದ ದೊಡ್ಡ ಎಡವಟ್ಟು ಇದೇ.

ನಿಜವಾದ ಹಳಿಯ ಜಲ್ಲಿ 50 ಮಿ.ಮೀ. ಆಸುಪಾಸು. 87ರಿಂದ ಭಾಗಿಸಿದರೆ ಅರ್ಧ ಮಿ.ಮೀ.ಗಿಂತ ತುಸು ದಪ್ಪ. ಅಷ್ಟು ಗಾತ್ರದ್ದು ಸಮುದ್ರದ ದಂಡೆಯಲ್ಲಿ ಬೇಕಾದಷ್ಟು ಬಿದ್ದಿರುವಾಗ ದುಡ್ಡು ಕೊಟ್ಟು ಪ್ಯಾಕೆಟ್ ತರಿಸುವುದ್ಯಾಕೆ ಎಂದು ಮೇ ತಿಂಗಳಲ್ಲೇ ಒಂದು ಬಾಟಲಿ ಮರಳು ತಂದಿಟ್ಟಿದ್ದೆ. ಒಣಮರಳನ್ನು ಹಾಸಿ ಬ್ರಷ್ಷಿನಿಂದ ಸ್ಲೀಪರುಗಳ ನಡುವೆ ಸರಿಮಾಡಿದೆ. ಒಂದು ಪಾಲು ಫೆವಿಕಾಲಿಗೆ ಎರಡು ಪಾಲು ನೀರು, ಪಾತ್ರೆ ತೊಳೆಯುವ ಸೋಪು ಒಂದು ಹನಿ. ಸೋಪಿಲ್ಲದಿದ್ದರೆ ನೀರು ಮರಳಿನ ಮೇಲೆ ಮುತ್ತಾಗಿ ನಿಲ್ಲುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಇವರ ಕಿವಿ ಔಷಧಿಯ ಡ್ರಾಪರಿನಿಂದ ಹನಿ ಹನಿ ಬಿಟ್ಟೆ. ಚೆಂದ ಕಂಡಿತು. ಫೋಟೋ ತೆಗೆದು ಪುಣೆಯ ಮಗಳಿಗೂ ಕಳಿಸಿದೆ.

ಮೂರನೇ ದಿನ ಎಂಜಿನ್ ಗರಗರ ಎಂದಿತು. ನಾಲ್ಕನೇ ದಿನ ನಿಂತಿತು. ಹೊಟ್ಟೆ ಬಿಚ್ಚಿ ನೋಡಿದರೆ ಮೋಟರಿನ ಸುತ್ತ ಕಪ್ಪು ಗಡ್ಡ! ಮೂರು ದಿನ ಕ್ಷೌರ ಮಾಡದ ಗಲ್ಲದ ಹಾಗೆ, ಸಣ್ಣ ಸಣ್ಣ ಕಪ್ಪು ಕಣಗಳು ಎದ್ದು ನಿಂತಿವೆ. ಗೇರಿನ ಹಲ್ಲುಗಳಿಗೂ ಅದೇ ಮೆತ್ತಿದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮ್ಯಾಗ್ನೆಟ್ ಕಿತ್ತು ತಂದು ಬಾಟಲಿಯ ಮರಳಿನ ಮೇಲೆ ಹಿಡಿದೆ. ಮರಳೊಳಗಿಂದ ಕಪ್ಪು ಕಣಗಳೆಲ್ಲ ಎದ್ದು ಬಂದವು. ನಮ್ಮ ದಂಡೆಯಲ್ಲಿ ಮಳೆ ಮುಗಿದಾಗ ಕಪ್ಪು ಗೆರೆಗಳು ಕಾಣುತ್ತವಲ್ಲ, ಘಟ್ಟದಿಂದ ಹೊಳೆ ಹೊತ್ತು ತರುವ ಕಬ್ಬಿಣದ ಅಂಶದ ಮರಳು, ಅದೇ ಇದು. ಐವತ್ತು ವರ್ಷದಿಂದ ನೋಡುತ್ತಿದ್ದೇನೆ, ಮೋಟರಿನೊಳಗೆ ಅಯಸ್ಕಾಂತ ಇರುವುದೂ ಗೊತ್ತು. ಎರಡನ್ನೂ ಕೂಡಿಸುವ ಬುದ್ಧಿ ಬರಲಿಲ್ಲ.

ಅಷ್ಟೇ ಆಗಿದ್ದರೆ ಮ್ಯಾಗ್ನೆಟ್ ಆಡಿಸಿ ತೆಗೆಯಬಹುದಿತ್ತು. ಇನ್ನೊಂದು ಉಪ್ಪು. ತೊಳೆಯದೇ ಹಾಕಿದ ಸಮುದ್ರದ ಮರಳು ಗಾಳಿಯ ಪಸೆಯನ್ನೆಲ್ಲ ಎಳೆದುಕೊಂಡು ವಾರವಾದರೂ ಒಣಗಲಿಲ್ಲ. ಮುಟ್ಟಿದರೆ ತಣ್ಣಗೆ, ಅಂಟಂಟು. ಹಳಿಯ ಬದಿಗೆ ಹಸಿರು ಕಿಲುಬು ಬಂತು. ನಿಕ್ಕಲ್ ಸಿಲ್ವರ್ ಎನ್ನುವ ಈ ಹಳಿಯಲ್ಲಿ ಬೆಳ್ಳಿ ಹೆಸರಿಗೂ ಇಲ್ಲ, ಇರುವುದು ತಾಮ್ರ, ನಿಕ್ಕಲ್, ಸತು. ಬಿಸಿನೀರು ಚಿಮುಕಿಸಿ, ಹಳೇ ಚಮಚದಿಂದ ಕೆರೆದು ಎಲ್ಲ ತೆಗೆಯಲು ಮೂರು ಸಂಜೆ ಹೋಯಿತು.

ಈಗ ಹಾಕಿದ್ದು ಕಲ್ಲುಕ್ವಾರಿಯ ಜಲ್ಲಿಪುಡಿ. ಮೊದಲು ಚಾ ಸೋಸುವ ಜರಡಿಯಲ್ಲಿ ಆಡಿಸಿ ದಪ್ಪದ್ದು ತೆಗೆದೆ, ಆಮೇಲೆ ಹಿಟ್ಟಿನ ಜರಡಿಯಲ್ಲಿ ಆಡಿಸಿ ದೂಳು ತೆಗೆದೆ. ನಡುವೆ ಉಳಿದದ್ದೇ ಬೇಕಾದ ಗಾತ್ರ. ಎರಡು ಸಲ ಸಿಹಿನೀರಲ್ಲಿ ತೊಳೆದು, ಮ್ಯಾಗ್ನೆಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎಲ್ಲ ಕಡೆ ಓಡಿಸಿದೆ. ಅದರಲ್ಲೂ ಒಂದು ಚಿಟಿಕೆ ಕಪ್ಪು ಸಿಕ್ಕಿತು ಎಂಬುದು ಬೇರೆ ಮಾತು. ಚೀಲ ಸುತ್ತುವುದು ಯಾಕೆಂದರೆ ಬಿಚ್ಚಿದ ತಕ್ಷಣ ಕಣಗಳೆಲ್ಲ ತಾವಾಗಿ ಉದುರುತ್ತವೆ. ಬರೀ ಮ್ಯಾಗ್ನೆಟ್ ಅದ್ದಿದರೆ ಹಲ್ಲುಜ್ಜುವ ಬ್ರಷ್ ಹಿಡಿದು ಅರ್ಧ ಗಂಟೆ ಕೂರಬೇಕು.

ಆ ನಾಲ್ಕು ದಿನ ಇವರು ಪಂಚೆಯ ತುದಿಯಲ್ಲಿ ಚಾ ಸೋಸಿಕೊಂಡರು.

ಪುನರ್ವಸು

ಕೆಲಸ ಇಲ್ಲ. ಕರೆಂಟೂ ಇಲ್ಲ. ಹಂಚಿನ ಸಂದಿಯಿಂದ ಮಂಕಿ ಕಡೆಯ ಗುಡ್ಡದ ಮೇಲೆ ಹನಿ ಬಿದ್ದು ಸಣ್ಣ ಕುಸಿತ. ಪಾತ್ರೆ ಇಟ್ಟಿದ್ದೇನೆ.

ಹಿತ್ತಲಲ್ಲಿ ಇವರ ಮೊಗೆಕಾಯಿ ಬಳ್ಳಿಗೆ ಕೆಂಪು ದುಂಬಿ ಬಂದು ಎಲೆ ಜಾಳುಜಾಳು. ಬೆಳಿಗ್ಗೆ ಎಲೆ ಹಸಿ ಇರುವಾಗ ಬೂದಿ ಉದುರಿಸಬೇಕು. ಮಳೆ ತೊಳೆಯುತ್ತದೆ, ಇವರು ಮತ್ತೆ ಉದುರಿಸುತ್ತಾರೆ. ಪ್ಲೈವುಡ್ಡಿನ ಬೂದಿ ಹಾಕಬೇಡಿ, ಅದರ ಅಂಟು ಒಳ್ಳೆಯದಲ್ಲ ಎಂದೆ. ನಿನ್ನ ರೈಲಿನ ಯಾವುದೂ ನನ್ನ ಗಿಡಕ್ಕೆ ಬೇಡ ಎಂದರು. ಈ ಮಾತನ್ನು ಬರೆದಿಟ್ಟಿದ್ದೇನೆ, ಮುಂದೆ ಬೇಕಾಗುತ್ತದೆ.

ಪುಷ್ಯ

ಭಾನುವಾರ ಸಂಜೆ ಮಳೆ ಒಂದು ತಾಸು ಬಿಟ್ಟಿತ್ತು. ಸ್ಕೂಟರಿನಲ್ಲಿ ಹೆದ್ದಾರಿ ಸೇತುವೆ ದಾಟಿ ಕಾಸರಕೋಡಿನ ಕಡೆ ಚಾ ಕುಡಿಯಲು ಹೋದೆವು. ಇದು ನಮ್ಮ ವಾರದ ವ್ರತ. ಇವರಿಗೆ ಬನ್ಸ್ ಮತ್ತು ಭಾಜಿ, ನನಗೆ ರೈಲು ಸೇತುವೆ. ಹೊಳೆ ಕೆಂಪಗೆ ತುಂಬಿತ್ತು. ಆಚೆ ಮೇಲ್ಬದಿಯಲ್ಲಿ ಸೇತುವೆ ಒಂದು ಉದ್ದ ಗೆರೆ. 2065.8 ಮೀಟರ್, ಕೊಂಕಣ ರೈಲ್ವೆಯಲ್ಲೇ ಎಲ್ಲಕ್ಕಿಂತ ಉದ್ದದ್ದು. ಇದನ್ನು 87ರಿಂದ ಭಾಗಿಸಿದರೆ ಹತ್ತಿರಹತ್ತಿರ 23.75 ಮೀಟರ್. ಅಟ್ಟದಿಂದ ಹೊರಟರೆ ಕಿಟಕಿ ಹಾರಿ, ಬಸಳೆ ಚಪ್ಪರ ದಾಟಿ, ಬಾವಿಕಟ್ಟೆ ಮುಟ್ಟುತ್ತದೆ. ಇವರ ಮುಖ ನೋಡಿ ಆ ಯೋಜನೆ ಕೈಬಿಟ್ಟೆ. ನಾನು ಕಟ್ಟುವುದು 2 ಮೀಟರ್ 40 ಸೆಂ.ಮೀ., ಅಂದರೆ ಹತ್ತರಲ್ಲಿ ಒಂದು ಪಾಲು.

ಈ ಸೇತುವೆಯ ಮೇಲೆ ಗಾಳಿಯ ವೇಗ ಅಳೆಯುವ ಯಂತ್ರ ಇದೆ. ಇಡೀ ದಾರಿಯಲ್ಲಿ ಅಂಥವು ನಾಲ್ಕು ಕಡೆ: ರತ್ನಾಗಿರಿ ಕಡೆಯ ಪನ್ವಲ್ ಕಣಿವೆ ಸೇತುವೆ, ಗೋವಾದ ಮಾಂಡೋವಿ, ಜುವಾರಿ, ಮತ್ತೆ ನಮ್ಮ ಶರಾವತಿ. ಪಟ್ಟಿಯಲ್ಲಿ ಕರ್ನಾಟಕದ್ದು ಇದೊಂದೇ, ಸ್ವಲ್ಪ ಜಂಬ ಪಡಬಹುದು.

ಜೋರು ಮಳೆಗೆ ಎದುರು ಕಾಣದಿದ್ದರೆ ಗಂಟೆಗೆ 40 ಕಿ.ಮೀ.ಗೆ ಇಳಿಸಬೇಕೆಂದು ಲೋಕೋ ಪೈಲಟ್‌ಗಳಿಗೆ ಹೇಳಿರುತ್ತಾರೆ. ಆ ವೇಗದಲ್ಲಿ ಎಂಜಿನ್ ಸೇತುವೆಯ ಈ ತುದಿಯಿಂದ ಆ ತುದಿಗೆ ಹೋಗಲು ಮೂರು ನಿಮಿಷದ ಮೇಲೆ ಐದಾರು ಸೆಕೆಂಡ್. ಒಂದು ಗ್ಲಾಸ್ ಬಿಸಿ ಚಾ ಮುಗಿಯುವ ಹೊತ್ತು. ಅದೇ ವೇಗ ಅಟ್ಟದಲ್ಲಿ ಸೆಕೆಂಡಿಗೆ 13 ಸೆಂ.ಮೀ. ಮಾತ್ರ. ಹಳಿಯ ಪಕ್ಕ 13 ಸೆಂ.ಮೀ.ಗೊಂದು ಪೆನ್ಸಿಲ್ ಗುರುತು ಹಾಕಿ, ಗಡಿಯಾರದ ಟಿಕ್‌ಗೆ ಒಂದು ಗುರುತು ದಾಟುವ ಹಾಗೆ ಕಂಟ್ರೋಲರ್ ತಿರುಗಿಸಿ ಅಭ್ಯಾಸ ಮಾಡುತ್ತಿದ್ದೇನೆ. ಬಲು ನಿಧಾನ. ಇಷ್ಟು ನಿಧಾನಕ್ಕೆ ಹೋಗುವಾಗ ಹಳಿಯಲ್ಲಿ ಚೂರು ಕಿಲುಬಿದ್ದರೂ ಎಂಜಿನ್ ಮುಗ್ಗರಿಸುತ್ತದೆ. ಜೋರು ಬಿಟ್ಟರೆ ಹಾರಿ ದಾಟಿಬಿಡುತ್ತದೆ, ಮಕ್ಕಳ ಆಟಿಕೆಯವರು ಅದಕ್ಕೇ ಜೋರು ಬಿಡುವುದು.

ಕಿಲುಬಿಗೆ ಮೊದಲು ಮರಳುಕಾಗದ ಉಜ್ಜುತ್ತಿದ್ದೆ, ಅದು ತಪ್ಪು. ಗೀರು ಬಿದ್ದು ಅದರೊಳಗೇ ಕೊಳೆ ಕೂರುತ್ತದೆ. ಈಗ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಬಟ್ಟೆ, ಅದರ ಮೇಲೆ ಹಳಿಯ ನೆತ್ತಿಗೆ 6ಬಿ ಪೆನ್ಸಿಲಿನ ಒಂದು ತೆಳು ಗೆರೆ. ಜೊತೆಗೆ ಪ್ರತಿ ತುಂಡು ಹಳಿಗೂ ಕೆಳಗಿಂದ ಬೇರೆ ಬೇರೆ ತಂತಿ ಬೆಸೆದಿದ್ದೇನೆ. ಹಳಿ ಕೂಡಿಸುವ ಪುಟ್ಟ ಜೋಡಣೆಗಳನ್ನು ನಂಬಿ ಕರೆಂಟ್ ದಾಟಿಸುವುದು ಒಣ ಊರಿನವರಿಗೆ ಸರಿ. ನಮ್ಮಲ್ಲಿ ಆಷಾಢಕ್ಕೆ ಉಪ್ಪಿನ ಡಬ್ಬಿಯೇ ನೀರಾಗುತ್ತದೆ.

ಮಘೆ, ಚೌತಿಯ ವಾರ

ಗುಡ್ಡದ ನೆಲಕ್ಕೆ ಒಣಗಿದ ಎಲೆ, ಮಣ್ಣು ಬೇಕು. ಇದಕ್ಕೆ ಚಾ ಚರಟದಷ್ಟು ಒಳ್ಳೆಯದು ಯಾವುದೂ ಇಲ್ಲ, ಬಣ್ಣ ಬಳಿಯುವ ಕೆಲಸವೇ ಇಲ್ಲ. ತೊಂದರೆ ಏನೆಂದರೆ ನಮ್ಮ ಮನೆಯ ಚರಟ ಇಪ್ಪತ್ತು ವರ್ಷದಿಂದ ಇವರ ಗುಲಾಬಿಯ ಆಸ್ತಿ.

“ಎಂತ ಮಾರಾಯ್ತಿ, ಚರಟನೂ ಬಿಡೂದಿಲ್ವಾ?”

ಕದ್ದೆ. ಕದ್ದದ್ದಕ್ಕೆ ಅವಸರ, ಅವಸರಕ್ಕೆ ತೊಳೆಯಲಿಲ್ಲ. ಹಾಲು ಸಕ್ಕರೆ ಬಿದ್ದ ಚರಟವನ್ನು ಬಿಸಿಲಿಲ್ಲದ ದಿನ ಬಾಣಲೆಯಲ್ಲಿ ಹುರಿದು ಹಾಗೇ ಅಂಟಿಸಿದೆ. ಚೌತಿಯ ಹಿಂದಿನ ದಿನ ಗಣಪನ ಮೇಲೆ ಕಾಯಿಪಲ್ಲೆಯ ಫಲಾವಳಿ ಕಟ್ಟಲು ಹಗ್ಗ ಹುಡುಕಿ ಅಟ್ಟ ಹತ್ತಿದರೆ, ಮಂಕಿಯ ಗುಡ್ಡದಿಂದ ಹೊರಟ ಕೆಂಪಿರುವೆ ಸಾಲು ಅರ್ಧ ಕಟ್ಟಿದ ಸೇತುವೆಯ ಮೇಲೆ ಒಂದೇ ಲೈನಿನಲ್ಲಿ ಹೊನ್ನಾವರಕ್ಕೆ ಬರುತ್ತಿದೆ. ಒಂದು ಇರುವೆ ಸಕ್ಕರೆ ಮೆತ್ತಿದ ಚಾಪುಡಿಯ ತುಂಡನ್ನು ತಲೆಯ ಮೇಲೆ ಎತ್ತಿ ಹಿಡಿದು, ಕಂಬದಿಂದ ಕಂಬಕ್ಕೆ ನಿಂತು ನಿಂತು, ಎದುರು ಬರುವವಕ್ಕೆ ದಾರಿ ಬಿಟ್ಟು ಹೋಗುತ್ತಿತ್ತು. ಸಿಂಗಲ್ ಲೈನಿನ ಕ್ರಾಸಿಂಗ್ ನಿಯಮ ಅದಕ್ಕೆ ಯಾರು ಹೇಳಿಕೊಟ್ಟರೋ! ಇವರನ್ನು ಕೂಗಿ ಕರೆದೆ. ಇಬ್ಬರೂ ಹದಿನೈದು ನಿಮಿಷ ನೋಡುತ್ತಾ ಕೂತೆವು, ಕೆಳಗೆ ಹಬ್ಬದ ಕೆಲಸ ಹಾಗೇ ಇತ್ತು.

ಇರುವೆ ಹೋದ ಮೇಲೆ ಬೂಸ್ಟು ಬಂತು. ಬಿಳಿ ನೂಲು ನೂಲಾಗಿ, ಗುಡ್ಡದ ಮೇಲೆ ಹಿಮ ಬಿದ್ದ ಹಾಗೆ. ಹೊನ್ನಾವರದಲ್ಲಿ ಹಿಮ! ಎಲ್ಲ ಕಿತ್ತೆ. ಕಿತ್ತದ್ದನ್ನು ಇವರು ಗುಲಾಬಿ ಬುಡಕ್ಕೆ ಹಾಕಿದರು. ಪುನರ್ವಸುವಿನ ಮಾತನ್ನು ನೆನಪಿಸಿದೆ, ಕಿವಿ ಕೇಳದವರಂತೆ ಗುದ್ದಲಿ ಹಿಡಿದು ಹೋದರು.

ಫಲಾವಳಿಗೆ ಹಿತ್ತಲಿನದೇ ಹೀರೆ, ಹಾಗಲ, ಬೆಂಡೆ, ಎರಡು ಮೊಗೆಕಾಯಿ. ಕೆಂಪು ದುಂಬಿ ಸೋತಿತು.

ಹಸ್ತ

ಚರಟದ ಸರಿಯಾದ ವಿಧಾನ, ನನ್ನ ಮಟ್ಟಿಗೆ: ಬಿಸಿನೀರಲ್ಲಿ ಮೂರು ಸಲ, ನೀರು ತಿಳಿಯಾಗುವ ತನಕ ತೊಳೆದು ಹಿಂಡಬೇಕು. ಬಿಸಿಲಿಲ್ಲದಿದ್ದರೆ ಸಣ್ಣ ಉರಿಯಲ್ಲಿ ಬಾಣಲೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವಷ್ಟು ಒಣಗಬೇಕು. ಅಂಟಿಸುವ ಫೆವಿಕಾಲ್ ನೀರಿಗೆ ಒಂದು ಚಮಚ ಡೆಟಾಲ್. ಈಗ ಐದು ವಾರವಾಯಿತು, ಬೂಸ್ಟಿಲ್ಲ.

ಸೇತುವೆಯ ಕಂಬಗಳು ಫೋಮ್ ಬೋರ್ಡು, ಮೇಲೆ ವಾಲ್ ಪುಟ್ಟಿ ತೆಳ್ಳಗೆ. ಉಬ್ಬರದ ನೀರು ಏರಿ ಇಳಿದ ಕಪ್ಪು ಗೆರೆ ಕಾಣದಿದ್ದರೆ ಹೊಳೆಬಾಯಿಯ ಕಂಬ ಅನಿಸುವುದಿಲ್ಲ. ಅದಕ್ಕೆ ಗಟ್ಟಿ ಡಿಕಾಕ್ಷನ್ ಬಳಿದೆ, ಒಣಗಿದ ಮೇಲೆ ಇನ್ನೊಂದು ಕೈ, ಬುಡದಲ್ಲಿ ಸ್ವಲ್ಪ ಹಸಿರು. ಹೊಳೆಯ ನೀರು ತೋರಿಸಲು ರೆಸಿನ್ ಎಂಬ ಗಾಜಿನಂಥ ಅಂಟು ಹಾಕಲಿಲ್ಲ, ಈ ಹವೆಯಲ್ಲಿ ಅದು ಮಬ್ಬಾಗುತ್ತದೆ. ಪ್ಲೈ ಮೇಲೆ ಕೆಂಪುಮಣ್ಣಿನ ಬಣ್ಣ, ಅದರ ಮೇಲೆ ಹೊಳೆಯುವ ವಾರ್ನಿಷ್ ನಾಲ್ಕು ಕೈ. ಮಳೆಗಾಲದ ಶರಾವತಿ ಹಾಗೇ ಇರುತ್ತದೆ.

ಸುರಂಗದ ಬಾಯಿ ಎರಡನೇ ಸಲ ಒಡೆದೆ. ಚೆನ್ನೈನ ಐಸಿಎಫ್ ಕಾರ್ಖಾನೆಯ 21.3 ಮೀಟರಿನ ಬೋಗಿ ಇಲ್ಲಿ 24.5 ಸೆಂ.ಮೀ., ತಿರುವಿನಲ್ಲಿ ಅದರ ಮೂಲೆ ಹೊರಗೆ ಚಾಚಿ ಗೋಡೆ ಕೆರೆಯುತ್ತಿತ್ತು.

ಹೊಸ ಗಾಡಿ: ರೋ-ರೋ. ಲಾರಿಗಳನ್ನೇ ಹೊತ್ತು ಹೋಗುವ ಈ ಗಾಡಿಯನ್ನು ಕೊಂಕಣ ರೈಲ್ವೆ 1999ರಲ್ಲಿ ಶುರು ಮಾಡಿತು, ನಮ್ಮೂರಿನ ಮೇಲೆ ಹಾದು ಸುರತ್ಕಲ್‌ಗೆ ಹೋಗುತ್ತದೆ. ಕ್ಯಾಬಿನ್ನಿನಲ್ಲಿ ಕಾಲು ಚಾಚಿ ಕೂತ ಡ್ರೈವರನ್ನು ಕಂಡಾಗೆಲ್ಲ ನನಗೆ ಹೊಟ್ಟೆಕಿಚ್ಚು. ಸ್ಟೀರಿಂಗ್ ಮುಟ್ಟದೆ ಲಾರಿಯಲ್ಲಿ ಕೂತು ಶರಾವತಿ ದಾಟುವ ಸುಖ ಬೇರೆ ಯಾರಿಗಿದೆ? ಐದು ಚಪ್ಪಟೆ ವ್ಯಾಗನ್ ಆಗಿವೆ, ಲಾರಿ ಮೂರು. ಒಂದರಲ್ಲಿ ಇವರಿಗಾಗಿ ಕುಮಟಾದ ಸಿಹಿ ಈರುಳ್ಳಿ ಗೊಂಚಲು ತೂಗಿಸಿದ್ದೇನೆ. ಸಾಸಿವೆ ಕಾಳಿಗೆ ನೇರಳೆ ಬಣ್ಣ.

ಚಿತ್ತೆ, ದೀಪಾವಳಿಗೆ ಬೂರೆ ನೀರು ತುಂಬುವ ಸಂಜೆ

ನಾಳೆ 20, ಮಳೆಗಾಲದ ವೇಳಾಪಟ್ಟಿಯ ಕೊನೆ ದಿನ. ಹಬ್ಬದ ಗಡಿಬಿಡಿ ಶುರುವಾಗುವ ಮೊದಲು ಗಾಡಿ ಬಿಟ್ಟೆ. ಸೆಕೆಂಡಿಗೆ 13 ಸೆಂ.ಮೀ., ಸೇತುವೆ ದಾಟಲು 18 ಸೆಕೆಂಡ್ ಹಿಡಿಯಬೇಕಿತ್ತು, 21 ಹಿಡಿಯಿತು. ನಡುವೆ ಒಂದು ಕಡೆ ಮುಗ್ಗರಿಸಿತು, ಏಳನೇ ಕಂಬದ ಹತ್ತಿರ. ಅಲ್ಲಿ ಬೆಸುಗೆ ಬಿಟ್ಟಿದೆ, ಹಬ್ಬ ಮುಗಿದ ಮೇಲೆ ನೋಡಬೇಕು. ಈರುಳ್ಳಿ ಲಾರಿ ಬೀಳಲಿಲ್ಲ. ಇವರು ಬಗ್ಗಿ, ಕನ್ನಡಕ ಏರಿಸಿ, ಮೂರು ಸಲ ನೋಡಿದರು.

“ಡ್ರೈವರೇ ಇಲ್ಲ ಲಾರಿಯಲ್ಲಿ.”

ಹೌದು, ಮರೆತಿದ್ದೆ.

ಅಡುಗೆಮನೆಯ ಕಪಾಟಿನಲ್ಲಿ ಈಗ ಎರಡು ಡಬ್ಬಿ. ಇವರೇ ಚೀಟಿ ಅಂಟಿಸಿದ್ದಾರೆ: ‘ಗುಲಾಬಿ’, ‘ರೈಲು’. ಕಳ್ಳತನ ತಪ್ಪಲಿ ಎಂದು ಹೋದ ಭಾನುವಾರ ಚಾ ಅಂಗಡಿಯವರ ಹತ್ತಿರ ಚರಟ ಕೇಳಿಯೂ ಬಿಟ್ಟರು. ಅವರು ಎಂತಕ್ಕೆ ಎಂದೂ ಕೇಳದೆ ಎರಡು ದಿನದ್ದು ತುಂಬಿಸಿ ಕೊಟ್ಟರು, ಒದ್ದೆಯದೇ ನಾಲ್ಕು ಕಿಲೋ. ತೊಳೆದು ತೊಳೆದು ನನ್ನ ಕೈ ಕಂದಾಗಿದೆ. ಇಷ್ಟರಲ್ಲಿ ಗುಡ್ಡವಲ್ಲ, ಗೇರುಸೊಪ್ಪೆಯ ಘಟ್ಟವನ್ನೇ ಮುಚ್ಚಬಹುದು. ಅಟ್ಟದಿಂದ ಇಳಿಸಿದ ತಾಡಪಾಲನ್ನು ಅಂಗಳದಲ್ಲಿ ಹಾಸಿ ಒಣಗಲು ಹರವಿದ್ದೇವೆ. ಒಂದು ಬದಿಯಲ್ಲಿ ಚರಟ, ಇನ್ನೊಂದು ಬದಿಯಲ್ಲಿ ಬಿತ್ತನೆಗೆಂದು ಬೂದಿ ಹಚ್ಚಿದ ಮೊಗೆಕಾಯಿ ಬೀಜ. ನಡುವೆ ಪಕ್ಕದ ಮನೆಯ ಕೋಳಿ ಎರಡೂ ಕಡೆ ಕೆದರುತ್ತಿದೆ. ಒಳಗೆ ಕಡುಬಿಗೆ ಮೊಗೆಕಾಯಿ ತುರಿಯುವುದು ಬಾಕಿ, ಮೂಡಲ ದಿಕ್ಕಿನಲ್ಲಿ ಮೋಡ ಕಟ್ಟುತ್ತಿದೆ. ಇವರು ಬಾವಿಯಿಂದ ಕೂಗುತ್ತಿದ್ದಾರೆ, ತಾಡಪಾಲಿನ ಆ ಬದಿ ನಾನು ಹಿಡಿಯಬೇಕಂತೆ.